ರಣಹದ್ದುಗಳ ರಕ್ಷಣೆ ಮತ್ತು ಗೋಶಾಲೆಯ ಔಷಧಿ

ರಣಹದ್ದು ಸತ್ತ ಪ್ರಾಣಿಗಳ ದೇಹವನ್ನು ತಿಂದು ಬದುಕುವ ದೊಡ್ಡ ಹಕ್ಕಿ. 1980ರ ದಶಕದವರೆಗೂ ನಮ್ಮ ದೇಶದ ಊರು, ನಗರ, ಹೊಲ, ಕಾಡುಗಳ ಮೇಲೆ ಸಾಮಾನ್ಯವಾಗಿ ಕಾಣುತ್ತಿದ್ದ ಈ ಹಕ್ಕಿ ಮುಂದಿನ ಹದಿನೈದು-ಇಪ್ಪತ್ತು ವರ್ಷಗಳಲ್ಲಿ ಬಹುತೇಕ ಇಲ್ಲವಾಯಿತು. ಅದನ್ನು ಯಾರೂ ಬೇಟೆಯಾಡಲಿಲ್ಲ. ಅದು ಗೂಡುಕಟ್ಟುವ ಮರಗಳು, ಬಂಡೆಗಳು ಕೂಡ ಏಕಾಏಕಿ ನಾಶವಾಗಲಿಲ್ಲ. ದನಕರುಗಳ ನೋವು ಕಡಿಮೆಯಾಗಲೆಂದು ಕೊಟ್ಟ ಒಂದು ಔಷಧಿ ಅದನ್ನು ಕೊಂದಿತು. ಆದ್ದರಿಂದ ಗೋಶಾಲೆ ಮತ್ತು ಪಾಂಜರಪೋಳಗಳನ್ನು ನಡೆಸುವವರು, ಅವುಗಳಿಗೆ ದಾನ ನೀಡುವವರು ಮತ್ತು ಮನೆಯಲ್ಲಿ ಹಸು ಸಾಕುವ ಕುಟುಂಬಗಳು ಈ ವಿಷಯವನ್ನು ತಿಳಿದಿರುವುದು ಅಗತ್ಯ.

ಭಾರತದ ರಣಹದ್ದುಗಳು

ಭಾರತದಲ್ಲಿ ಒಂಬತ್ತು ಜಾತಿಯ ರಣಹದ್ದುಗಳು ದಾಖಲಾಗಿವೆ. ಅವುಗಳಲ್ಲಿ ಬಿಳಿ ಬೆನ್ನಿನ ರಣಹದ್ದು, ಉದ್ದ ಕೊಕ್ಕಿನ ರಣಹದ್ದು, ತೆಳು ಕೊಕ್ಕಿನ ರಣಹದ್ದು ಮತ್ತು ಕೆಂಪು ತಲೆಯ ರಣಹದ್ದು ಎಂಬ ನಾಲ್ಕು ಜಾತಿಗಳು ಇಂದು ‘ತೀವ್ರ ಅಳಿವಿನಂಚಿನ’ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿವೆ. ಒಂದು ಕಾಲದಲ್ಲಿ ಬಿಳಿ ಬೆನ್ನಿನ ರಣಹದ್ದನ್ನು ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿರುವ ದೊಡ್ಡ ಮಾಂಸಾಹಾರಿ ಹಕ್ಕಿಯೆಂದು ಪಕ್ಷಿತಜ್ಞರು ತಿಳಿದಿದ್ದರು.

ಈ ಹಕ್ಕಿಗಳ ಸಂತತಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಪ್ರಾಯಕ್ಕೆ ಬರಲು ಸುಮಾರು ಐದು ವರ್ಷ ಬೇಕು. ಒಂದು ಜೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಹೀಗಾಗಿ ಸತ್ತ ಹಕ್ಕಿಗಳ ಸ್ಥಾನ ಬೇಗ ತುಂಬುವುದಿಲ್ಲ.

ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ 1987-88ರಲ್ಲಿ ಬಿಳಿ ಬೆನ್ನಿನ ರಣಹದ್ದುಗಳ 353 ಜೋಡಿಗಳು ಗೂಡುಕಟ್ಟಿದ್ದವು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ಡಾ. ವಿಭು ಪ್ರಕಾಶ್ 1990ರ ದಶಕದಲ್ಲಿ ಮತ್ತೆ ಎಣಿಸಿದಾಗ ಅವುಗಳ ಸಂಖ್ಯೆ ವೇಗವಾಗಿ ಇಳಿಯುತ್ತಿರುವುದು ಕಂಡುಬಂತು. 2000ದ ದಶಕದ ಆರಂಭದ ಹೊತ್ತಿಗೆ ಅಲ್ಲಿ ಒಂದು ಜೋಡಿಯೂ ಉಳಿಯಲಿಲ್ಲ. ದೇಶದ ಅನೇಕ ಕಡೆ ಒಂದೇ ಮಾರ್ಗಗಳಲ್ಲಿ ಪುನಃ ಪುನಃ ನಡೆಸಿದ ಎಣಿಕೆಗಳ ಪ್ರಕಾರ 1992 ಮತ್ತು 2007ರ ನಡುವೆ ಬಿಳಿ ಬೆನ್ನಿನ ರಣಹದ್ದು ಶೇ. 99.9ರಷ್ಟು ಕುಸಿಯಿತು. ಅಂದರೆ ಸಾವಿರ ಹಕ್ಕಿಗಳಿದ್ದ ಕಡೆ ಒಂದು ಉಳಿಯಿತು. ಉದ್ದ ಕೊಕ್ಕಿನ ಮತ್ತು ತೆಳು ಕೊಕ್ಕಿನ ಜಾತಿಗಳು ಸುಮಾರು ಶೇ. 97ರಷ್ಟು ಕಡಿಮೆಯಾದವು.

ಕಾರಣ ತಿಳಿದದ್ದು ಹೇಗೆ?

ಮೊದಲಿಗೆ ಯಾವುದೋ ವೈರಾಣು ಅಥವಾ ಕೀಟನಾಶಕ ಇದಕ್ಕೆ ಕಾರಣವಿರಬಹುದೆಂದು ಊಹಿಸಲಾಗಿತ್ತು. ಪಾಕಿಸ್ತಾನದ ಪಂಜಾಬ್ ಪ್ರಾಂತದಲ್ಲಿ ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ ವಿಜ್ಞಾನಿಯ ನೇತೃತ್ವದ ತಂಡ ಸತ್ತ ರಣಹದ್ದುಗಳನ್ನು ಪರೀಕ್ಷಿಸಿತು. ಹಲವು ಹಕ್ಕಿಗಳ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಯೂರಿಕ್ ಆಮ್ಲ ಹರಡಿಕೊಂಡಿತ್ತು. ಅವುಗಳ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ವೈರಾಣುವೂ ಸಿಗಲಿಲ್ಲ, ಕೀಟನಾಶಕವೂ ಸಿಗಲಿಲ್ಲ. ಈ ಹಕ್ಕಿಗಳ ಮುಖ್ಯ ಆಹಾರ ಸತ್ತ ಜಾನುವಾರು. ಹಾಗಾದರೆ ಜಾನುವಾರುಗಳಿಗೆ ಕೊಡುವ ಔಷಧಿಗಳಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡುವಂಥದ್ದು ಯಾವುದು ಎಂದು ತಂಡ ವಿಚಾರಿಸಿತು. ಉತ್ತರ ಡೈಕ್ಲೋಫೆನಾಕ್ ಎಂಬ ನೋವುನಿವಾರಕ. ಈ ಶೋಧ 2004ರ ಆರಂಭದಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಡೈಕ್ಲೋಫೆನಾಕ್ ಮನುಷ್ಯರಿಗೂ ದನಗಳಿಗೂ ಜ್ವರ, ಬಾವು, ನೋವುಗಳನ್ನು ಇಳಿಸುವ ಅಗ್ಗದ ಔಷಧಿ. ಆದರೆ ಅದರ ಅಂಶವಿರುವ ಮಾಂಸವನ್ನು ತಿಂದ ರಣಹದ್ದು ಕೆಲವೇ ದಿನಗಳಲ್ಲಿ ಸಾಯುತ್ತದೆ. ಒಂದು ಹಸುವಿನ ದೇಹಕ್ಕೆ ಹತ್ತಾರು ರಣಹದ್ದುಗಳು ಒಟ್ಟಿಗೆ ಇಳಿಯುವುದರಿಂದ ಒಂದೇ ದೇಹ ಇಡೀ ಗುಂಪಿಗೆ ವಿಷವಾಗಬಹುದು. ನೂರು ಸತ್ತ ಜಾನುವಾರುಗಳಲ್ಲಿ ಒಂದಕ್ಕಿಂತ ಕಡಿಮೆ ದೇಹಗಳಲ್ಲಿ ಈ ಔಷಧಿ ಇದ್ದರೂ ಇಷ್ಟು ದೊಡ್ಡ ಕುಸಿತ ಉಂಟಾಗಲು ಸಾಕು ಎಂದು ಲೆಕ್ಕಾಚಾರಗಳು ತೋರಿಸಿವೆ.

ಗೋಶಾಲೆಗೂ ಇದಕ್ಕೂ ಏನು ಸಂಬಂಧ?

ಚುಚ್ಚುಮದ್ದು ಪಡೆದ ಹಸು ಗುಣವಾದರೆ ಕೆಲವು ದಿನಗಳಲ್ಲಿ ಔಷಧಿ ಅದರ ದೇಹದಿಂದ ಹೊರಹೋಗುತ್ತದೆ. ಆ ಹಸು ಮುಂದೆಂದೋ ಸತ್ತಾಗ ರಣಹದ್ದಿಗೆ ಅಪಾಯವಿಲ್ಲ. ಚುಚ್ಚುಮದ್ದು ಕೊಟ್ಟ ಎರಡು-ಮೂರು ದಿನಗಳೊಳಗೆ ಹಸು ಸತ್ತರೆ ಅಪಾಯ ಬರುತ್ತದೆ.

ಗೋಶಾಲೆಯಲ್ಲಿ ನಡೆಯುವುದು ಬಹುಪಾಲು ಇದೇ. ಅಲ್ಲಿಗೆ ಬರುವುದು ಮುದಿ ಹಸು, ಕಾಲು ಮುರಿದ ಎತ್ತು, ಪ್ಲಾಸ್ಟಿಕ್ ನುಂಗಿದ ದನ. ಅವುಗಳಲ್ಲಿ ಹಲವು ಬದುಕುವುದಿಲ್ಲವೆಂದು ನೋಡಿಕೊಳ್ಳುವವರಿಗೆ ಗೊತ್ತಿರುತ್ತದೆ. ಆದರೂ ಕೊನೆಯ ದಿನಗಳಲ್ಲಿ ಅದು ನರಳಬಾರದೆಂದು ನೋವಿನ ಚುಚ್ಚುಮದ್ದು ಕೊಡಿಸುತ್ತಾರೆ. ಇದು ಶುದ್ಧ ಕರುಣೆಯ ಕೆಲಸ. ಆದರೆ ಬಾಟಲಿಯಲ್ಲಿರುವುದು ಡೈಕ್ಲೋಫೆನಾಕ್ ಆಗಿದ್ದು, ದೇಹವನ್ನು ಊರಾಚೆ ತೆರೆದ ಜಾಗದಲ್ಲಿ ಹಾಕಿದರೆ, ಒಂದು ಪಂಚೇಂದ್ರಿಯ ಜೀವಿಗೆ ತೋರಿದ ದಯೆ ಹತ್ತಾರು ಪಂಚೇಂದ್ರಿಯ ಜೀವಿಗಳ ಸಾವಾಗುತ್ತದೆ. ಮಾಡಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ಹಿಂಸೆಯ ಉದ್ದೇಶವಿಲ್ಲದಿದ್ದರೂ ಪ್ರಮಾದದಿಂದ ಹಿಂಸೆ ಆಗುತ್ತದೆ ಎಂಬುದು ಜೈನ ಆಚಾರಶಾಸ್ತ್ರದ ಮೂಲ ತಿಳಿವಳಿಕೆ. ನೀರು ಸೋಸಿ ಕುಡಿಯುವುದು, ನೋಡಿ ನಡೆಯುವುದು, ರಾತ್ರಿ ಭೋಜನ ಬಿಡುವುದು ಇವೆಲ್ಲ ಕಣ್ಣಿಗೆ ಕಾಣದ ಜೀವಗಳ ಬಗೆಗಿನ ಎಚ್ಚರಿಕೆ. ಔಷಧಿಯ ಬಾಟಲಿ ಓದುವುದೂ ಅದೇ ಎಚ್ಚರಿಕೆಯ ಮುಂದುವರಿಕೆ.

ಜೈನ ರಾಮಕಥೆಯ ಜಟಾಯು

ಮಾಂಸ ತಿನ್ನುವ ಹಕ್ಕಿಯೆಂದು, ಅಪಶಕುನವೆಂದು ರಣಹದ್ದಿನ ಬಗ್ಗೆ ಅಸಹ್ಯ ಪಡುವವರಿದ್ದಾರೆ. ಆದರೆ ವಿಮಲಸೂರಿಯ ‘ಪಉಮಚರಿಯ’ದಿಂದ ಬೆಳೆದುಬಂದ ಜೈನ ರಾಮಕಥಾ ಪರಂಪರೆಯಲ್ಲಿ ಈ ಹಕ್ಕಿಗೆ ಗೌರವದ ಸ್ಥಾನವಿದೆ. ಅಲ್ಲಿನ ಕಥೆಯಂತೆ ದಂಡಕಾರಣ್ಯದಲ್ಲಿ ರಾಮ-ಸೀತೆಯರು ಮುನಿಗಳಿಗೆ ಆಹಾರದಾನ ಮಾಡುವುದನ್ನು ಮರದ ಮೇಲಿದ್ದ ಒಂದು ಹದ್ದು ನೋಡುತ್ತದೆ. ಅದಕ್ಕೆ ಜಾತಿಸ್ಮರಣೆಯಾಗುತ್ತದೆ. ಹಿಂದಿನ ಜನ್ಮದಲ್ಲಿ ತಾನು ಮುನಿಗಳನ್ನು ಹಿಂಸಿಸಿದ ಅರಸನಾಗಿದ್ದುದು ನೆನಪಾಗಿ ಮುನಿಗಳ ಪಾದಕ್ಕೆ ಬೀಳುತ್ತದೆ, ಶ್ರಾವಕ ವ್ರತಗಳನ್ನು ಸ್ವೀಕರಿಸುತ್ತದೆ. ಜಟಾಯು ಎಂಬ ಹೆಸರು ಪಡೆದು ರಾಮ-ಸೀತೆಯರ ಜೊತೆಗೇ ಇರುತ್ತದೆ. ಸೀತೆಯನ್ನು ಕಾಯಲು ಹೋಗಿ ಸಾಯುವ ಗಳಿಗೆಯಲ್ಲಿ ರಾಮನಿಂದ ಪಂಚನಮಸ್ಕಾರ ಮಂತ್ರವನ್ನು ಕೇಳಿ ದೇವಗತಿ ಪಡೆಯುತ್ತದೆ.

ಇನ್ನು ಸ್ವಭಾವದ ಮಾತು. ಹುಲಿ, ಗಿಡುಗಗಳಂತೆ ರಣಹದ್ದು ಬೇಟೆಯಾಡುವ ಪ್ರಾಣಿಯಲ್ಲ. ಅದರ ಆಹಾರ ಬೇರೆ ಕಾರಣದಿಂದ ಸತ್ತ ದೇಹ. ದೊಡ್ಡ ಗುಂಪೊಂದು ಹಸುವಿನ ದೇಹವನ್ನು ಒಂದು ಗಂಟೆಯೊಳಗೆ ಮೂಳೆಯಷ್ಟೇ ಉಳಿಯುವಂತೆ ಮಾಡಬಲ್ಲದು. ಇತರ ಪ್ರಾಣಿಗಳಿಗೆ ರೋಗ ತರುವ ಅನೇಕ ಸೂಕ್ಷ್ಮಾಣುಗಳು ಅದರ ಹೊಟ್ಟೆಯ ತೀಕ್ಷ್ಣ ಆಮ್ಲದಲ್ಲಿ ಉಳಿಯುವುದಿಲ್ಲ.

ರಣಹದ್ದು ಹೋದ ಮೇಲೆ ಆದದ್ದೇನು?

ಕೊಳೆಯುವ ದೇಹಗಳು ಬಯಲಲ್ಲೇ ಉಳಿದವು. ಆ ಆಹಾರದಿಂದ ಬೀದಿನಾಯಿಗಳು ಹೆಚ್ಚಿದವು. ಅದರೊಂದಿಗೆ ನಾಯಿಕಡಿತ ಮತ್ತು ರೇಬೀಸ್ ಭಯವೂ ಹೆಚ್ಚಿತು. ನೀರಿನ ಮೂಲಗಳು ಕೆಟ್ಟವು. ಮೃತದೇಹವನ್ನು ರಣಹದ್ದುಗಳಿಗೆ ಒಪ್ಪಿಸುವ ಪಾರ್ಸಿ ಸಮುದಾಯದ ಅಂತ್ಯಸಂಸ್ಕಾರ ಪದ್ಧತಿಗೂ ಮುಂಬೈಯಲ್ಲಿ ಕಷ್ಟ ಬಂತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 2000ದಿಂದ 2005ರ ನಡುವಿನ ವರ್ಷಗಳಲ್ಲಿ ರಣಹದ್ದುಗಳ ಕೊರತೆಯಿಂದ ಭಾರತದಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಮಾನವ ಸಾವುಗಳು ಸಂಭವಿಸಿವೆ. ಜೀವಿಗಳು ಒಂದಕ್ಕೊಂದು ಉಪಕಾರಿಗಳು ಎಂಬ ತತ್ತ್ವಾರ್ಥಸೂತ್ರದ ಬೋಧನೆ ಇಲ್ಲಿ ಲೆಕ್ಕದ ರೂಪದಲ್ಲೇ ಕಾಣುತ್ತದೆ.

ಕಾನೂನು ಕ್ರಮಗಳು

2006: ಪಶುಗಳಿಗಾಗಿ ಡೈಕ್ಲೋಫೆನಾಕ್ ತಯಾರಿಕೆಯನ್ನು ನಿಲ್ಲಿಸಲು ಕೇಂದ್ರ ಸರ್ಕಾರ ಕ್ರಮ ಕೈಗೊಂಡಿತು. ಅದೇ ವರ್ಷ ನೇಪಾಳ ಮತ್ತು ಪಾಕಿಸ್ತಾನಗಳೂ ನಿಷೇಧ ಹೇರಿದವು.

2008: ಪಶುಗಳ ಬಳಕೆಗಾಗಿ ಇದರ ತಯಾರಿಕೆ, ಮಾರಾಟ ಮತ್ತು ವಿತರಣೆಯನ್ನು ನಿಷೇಧಿಸುವ ಅಧಿಸೂಚನೆ ಹೊರಟಿತು.

2015: ಮನುಷ್ಯರಿಗೆಂದು ತಯಾರಾದ ದೊಡ್ಡ ಬಾಟಲಿಗಳು ದನಗಳಿಗೆ ಬಳಕೆಯಾಗುತ್ತಿದ್ದ ಕಾರಣ, ಚುಚ್ಚುಮದ್ದಿನ ಬಾಟಲಿಯ ಗಾತ್ರವನ್ನು ಒಂದು ಬಾರಿಯ 3 ಮಿ.ಲೀ. ಪ್ರಮಾಣಕ್ಕೆ ಸೀಮಿತಗೊಳಿಸಲಾಯಿತು.

2023: ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಔಷಧಿಗಳ ಪಶುಬಳಕೆ ನಿಷೇಧವಾಯಿತು. ಅಸಿಕ್ಲೋಫೆನಾಕ್ ದನದ ದೇಹದೊಳಗೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ.

2024: ಡಿಸೆಂಬರ್ ಕೊನೆಯಲ್ಲಿ ನಿಮೆಸುಲೈಡ್ ಪಶುಬಳಕೆಯೂ ನಿಷೇಧವಾಯಿತು.

ಕರ್ನಾಟಕದಲ್ಲಿ ರಣಹದ್ದುಗಳು

ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ರಾಮನಗರದ ರಾಮದೇವರಬೆಟ್ಟವನ್ನು ರಾಜ್ಯ ಸರ್ಕಾರ 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿತು. ಸುಮಾರು 346 ಹೆಕ್ಟೇರ್ ವಿಸ್ತಾರದ ಇದು ದೇಶದ ಮೊದಲ ರಣಹದ್ದು ಧಾಮ. ಇಲ್ಲಿನ ಕಡಿದಾದ ಬಂಡೆಗಳ ಸಂದುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತವೆ. ಆದರೆ ಇಲ್ಲಿ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು. ಬಂಡೀಪುರ, ನಾಗರಹೊಳೆ ಮತ್ತು ಅವುಗಳಿಗೆ ಹೊಂದಿಕೊಂಡ ತಮಿಳುನಾಡಿನ ಮೋಯಾರ್ ಕಣಿವೆ, ಕೇರಳದ ವಯನಾಡು ಸೇರಿದ ಕಾಡುಪ್ರದೇಶ ದಕ್ಷಿಣ ಭಾರತದ ರಣಹದ್ದುಗಳ ಮುಖ್ಯ ಆಸರೆ. ಅಲ್ಲಿ ಬಿಳಿ ಬೆನ್ನಿನ, ಉದ್ದ ಕೊಕ್ಕಿನ ಮತ್ತು ಕೆಂಪು ತಲೆಯ ರಣಹದ್ದುಗಳು ಇನ್ನೂ ಉಳಿದಿವೆ. ರಣಹದ್ದು ಆಹಾರ ಹುಡುಕಿ ದಿನವೊಂದಕ್ಕೆ ಹತ್ತಾರು ಕಿ.ಮೀ. ಹಾರುತ್ತದೆ. ಆದ್ದರಿಂದ ಧಾಮದ ಬೇಲಿಯೊಳಗಿನ ರಕ್ಷಣೆ ಮಾತ್ರ ಸಾಲದು. ಸುತ್ತಲಿನ ಊರುಗಳ ದನದ ಕೊಟ್ಟಿಗೆಗಳೂ ಸುರಕ್ಷಿತವಾಗಿರಬೇಕು.

ನೇಪಾಳದ ಮಾದರಿ

ನೇಪಾಳದ ಚಿತವನ ರಾಷ್ಟ್ರೀಯ ಉದ್ಯಾನದ ಬಳಿಯ ಪಿಠೌಲಿ ಎಂಬ ಊರಿನ ಜನ 2006ರಲ್ಲಿ ಒಂದು ವ್ಯವಸ್ಥೆ ಆರಂಭಿಸಿದರು. ದುಡಿಯಲಾರದ ಮುದಿ ದನಗಳನ್ನು ಅಲ್ಲಿ ಸಾಕುತ್ತಾರೆ. ವಿಷಕಾರಿ ನೋವುನಿವಾರಕಗಳನ್ನು ಬಳಸುವುದಿಲ್ಲ. ದನ ಸಹಜವಾಗಿ ಸತ್ತ ಮೇಲಷ್ಟೇ ದೇಹವನ್ನು ರಣಹದ್ದುಗಳಿಗಾಗಿ ಬಯಲಲ್ಲಿ ಇಡುತ್ತಾರೆ. ಇದಕ್ಕೆ ‘ಜಟಾಯು ರೆಸ್ಟೋರೆಂಟ್’ ಎಂಬ ಹೆಸರು ಬಂದಿದೆ. ಇಂಥ ಸುರಕ್ಷಿತ ವಲಯಗಳು ಮತ್ತು ಔಷಧಿ ನಿಷೇಧದ ಕಟ್ಟುನಿಟ್ಟಿನ ಪಾಲನೆಯಿಂದ ನೇಪಾಳದಲ್ಲಿ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ ನಿಧಾನವಾಗಿ ಏರತೊಡಗಿದೆ. ಹಸುವಿನ ಸೇವೆ ಮತ್ತು ಹಕ್ಕಿಯ ರಕ್ಷಣೆ ಒಂದೇ ಅಂಗಳದಲ್ಲಿ ನಡೆಯಬಹುದು ಎಂಬುದಕ್ಕೆ ಇದು ಉದಾಹರಣೆ.

ಗೋಶಾಲೆಗಳು ಮತ್ತು ಕುಟುಂಬಗಳು ಮಾಡಬಹುದಾದದ್ದು

1. ಔಷಧಿ ಕಪಾಟನ್ನು ಪರಿಶೀಲಿಸಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಕೀಟೊಪ್ರೊಫೆನ್, ನಿಮೆಸುಲೈಡ್ ಇದ್ದರೆ ದನಗಳಿಗೆ ಬಳಸಬೇಡಿ. ಫ್ಲೂನಿಕ್ಸಿನ್ ಕೂಡ ರಣಹದ್ದುಗಳಿಗೆ ಹಾನಿಕರ. ಕಂಪನಿ ಇಟ್ಟ ಹೆಸರು ಬೇರೆ ಬೇರೆ ಇರುತ್ತದೆ; ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧಿಯ ಹೆಸರನ್ನು ಓದಿ.

2. ಹಸುವಿನ ನೋವಿಗೆ ಚಿಕಿತ್ಸೆ ನಿಲ್ಲಿಸಬೇಡಿ. ಮೆಲಾಕ್ಸಿಕ್ಯಾಮ್ ಮತ್ತು ಟಾಲ್ಫೆನಾಮಿಕ್ ಆಮ್ಲ ರಣಹದ್ದುಗಳಿಗೆ ಸುರಕ್ಷಿತವೆಂದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಇವನ್ನೇ ಬಳಸುವಂತೆ ಪಶುವೈದ್ಯರನ್ನು ಕೇಳಿ.

3. ಪ್ರತಿ ದನಕ್ಕೂ ಯಾವ ಔಷಧಿ, ಯಾವ ದಿನ ಕೊಡಲಾಯಿತು ಎಂದು ಪುಸ್ತಕದಲ್ಲಿ ಬರೆದಿಡಿ.

4. ಸಾಯುವ ಮೊದಲು ಯಾವ ಔಷಧಿ ಕೊಟ್ಟಿದ್ದಾರೆಂದು ಗೊತ್ತಿಲ್ಲದಿದ್ದರೆ, ಅಥವಾ ಮೇಲಿನ ಹಾನಿಕರ ಔಷಧಿ ಕೊಟ್ಟಿದ್ದರೆ, ದೇಹವನ್ನು ಬಯಲಲ್ಲಿ ಬಿಡದೆ ಆಳವಾಗಿ ಹೂಳಿ.

5. ಚಿರತೆ, ನಾಯಿಗಳನ್ನು ಕೊಲ್ಲಲು ಸತ್ತ ದನಕ್ಕೆ ಕೀಟನಾಶಕ ಸವರುವುದನ್ನು ಕಂಡರೆ ತಡೆಯಿರಿ. ಅದರಿಂದಲೂ ರಣಹದ್ದುಗಳು ಸಾಯುತ್ತವೆ.

6. ಗಾಯಗೊಂಡ ಅಥವಾ ಸತ್ತ ರಣಹದ್ದು ಕಂಡರೆ ಸಮೀಪದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ.

7. ಗೋಶಾಲೆಗೆ ದಾನ ಕೊಡುವಾಗ ಮೇವಿನ ಬಗ್ಗೆ ಕೇಳುವಂತೆ ಔಷಧಿಯ ಬಗ್ಗೆಯೂ ಕೇಳಿ. ಸುರಕ್ಷಿತ ಔಷಧಿಯ ಖರ್ಚಿಗೆಂದೇ ಔಷಧದಾನ ಮಾಡಬಹುದು.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನ ಪರಂಪರೆ ಹೇಳುತ್ತದೆ. ಇಲ್ಲಿ ಸರಿಯಾದ ಔಷಧದಾನವೇ ರಣಹದ್ದಿಗೆ ಅಭಯದಾನವೂ ಆಗುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರವನ್ನು ಅಂತಾರಾಷ್ಟ್ರೀಯ ರಣಹದ್ದು ಜಾಗೃತಿ ದಿನವಾಗಿ ಆಚರಿಸಲಾಗುತ್ತದೆ. ಗೋಶಾಲೆಗಳ ಆಡಳಿತ ಮಂಡಳಿಗಳು ಔಷಧಿ ಕಪಾಟಿನ ವಾರ್ಷಿಕ ಪರಿಶೀಲನೆಗೆ ಆ ದಿನವನ್ನು ಇಟ್ಟುಕೊಳ್ಳಬಹುದು.