ಪದವಿ ವಿದ್ಯಾರ್ಥಿಗಳ ಬೆಳವಣಿಗೆ ಮತ್ತು ಕಾಲೇಜು ಸಿಬ್ಬಂದಿಯ ಪಾತ್ರ

ಹದಿನೆಂಟರ ಆಸುಪಾಸಿನಲ್ಲಿ ಪದವಿ ತರಗತಿಗೆ ಸೇರುವ ವಿದ್ಯಾರ್ಥಿಯು ಪಠ್ಯವಿಷಯಗಳನ್ನು ಮಾತ್ರ ಕಲಿಯುವುದಿಲ್ಲ. ಸ್ವಂತವಾಗಿ ನಿರ್ಧಾರ ಕೈಗೊಳ್ಳುವುದು, ಕೋಪ ಮತ್ತು ಭಯಗಳನ್ನು ನಿಭಾಯಿಸುವುದು, ಬದುಕಿಗೊಂದು ಗುರಿಯನ್ನು ಕಂಡುಕೊಳ್ಳುವುದು ಇವೆಲ್ಲವೂ ಈ ಅವಧಿಯಲ್ಲಿಯೇ ರೂಪುಗೊಳ್ಳುತ್ತವೆ. ಅಮೆರಿಕದ ಶಿಕ್ಷಣತಜ್ಞ ಆರ್ಥರ್ ಚಿಕರಿಂಗ್ ಅವರು 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬೆಳವಣಿಗೆಯ ಏಳು ದಿಕ್ಕುಗಳನ್ನು ಗುರುತಿಸಿದ್ದಾರೆ. ಮನಶ್ಶಾಸ್ತ್ರಜ್ಞ ನೆವಿಟ್ ಸ್ಯಾನ್‌ಫೋರ್ಡ್ ಅವರ ಪ್ರಕಾರ ಬೆಳವಣಿಗೆಗೆ ಸವಾಲು ಮತ್ತು ಆಸರೆ ಎರಡೂ ಅಗತ್ಯ. ಆಸರೆಗೆ ಮೀರಿದ ಸವಾಲು ವಿದ್ಯಾರ್ಥಿಯನ್ನು ಹಿಮ್ಮೆಟ್ಟಿಸುತ್ತದೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸವಾಲುಗಳಿಗೆ ಕೊರತೆಯಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಕಾಲೇಜುಗಳಿಗೆ ಬರುವವರಲ್ಲಿ ಅನೇಕರು ಹಳ್ಳಿಗಳಿಂದ ಪ್ರತಿದಿನ ಬಸ್ಸಿನಲ್ಲಿ ಬಂದುಹೋಗುವವರು. ಹಲವರು ತಮ್ಮ ಕುಟುಂಬದಲ್ಲಿ ಕಾಲೇಜು ಮೆಟ್ಟಿಲೇರಿದ ಮೊದಲಿಗರು. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಪದವಿಯ ಪಠ್ಯಗಳಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿರುವ ವಿದ್ಯಾರ್ಥಿಯ ಮೌನವನ್ನು ದಡ್ಡತನವೆಂದು ಎಣಿಸುವುದು ಸರಿಯಲ್ಲ. ಮೊದಲ ಸೆಮಿಸ್ಟರಿನಲ್ಲಿ ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿಯೂ ವಿವರಿಸಿ, ತಿಳಿದ ಭಾಷೆಯಲ್ಲಿ ಪ್ರಶ್ನೆ ಕೇಳಲು ಅವಕಾಶವಿತ್ತರೆ ಈ ಮೌನ ಬಹುಮಟ್ಟಿಗೆ ಕರಗುತ್ತದೆ.

ಗೈರುಹಾಜರಿಯ ಕಾರಣಗಳು

ಶಿಡ್ಲಘಟ್ಟ, ಚಿಂತಾಮಣಿ ಭಾಗದ ಅನೇಕ ಮನೆಗಳಲ್ಲಿ ರೇಷ್ಮೆ ಕೃಷಿಯಿದೆ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವವರೆಗೆ ಸುಮಾರು ನಾಲ್ಕು ವಾರ. ನಾಲ್ಕನೆಯ ಜ್ವರದಿಂದ ಎದ್ದ ಹುಳುವು ತನ್ನ ಜೀವಿತಾವಧಿಯಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ವಾರದಲ್ಲಿಯೇ ತಿನ್ನುತ್ತದೆ. ಆಗ ಸೊಪ್ಪು ಕೊಯ್ಯಲು, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಬೇಕಾಗುತ್ತಾರೆ. ಕಾಲೇಜಿಗೆ ಹೋಗುವ ಮಗನೂ ಮಗಳೂ ಇದಕ್ಕೆ ಹೊರತಲ್ಲ. ಬೆಳೆಗೊಮ್ಮೆ ಮರುಕಳಿಸುವ ಇಂತಹ ಗೈರುಹಾಜರಿಯನ್ನು ಅಶಿಸ್ತೆಂದು ಪರಿಗಣಿಸಲಾಗದು. ಹಾಗೆಂದು ಸುಮ್ಮನೆ ಬಿಡುವಂತೆಯೂ ಇಲ್ಲ, ಶೇ. 75ರ ಹಾಜರಾತಿ ನಿಯಮವು ಪರೀಕ್ಷೆಯ ಹೊತ್ತಿಗೆ ಅಡ್ಡಬರುತ್ತದೆ. ಸೆಮಿಸ್ಟರಿನ ಆರಂಭದಲ್ಲಿಯೇ ಬೆಳೆಯ ದಿನಗಳನ್ನು ವಿಚಾರಿಸಿ, ಎಷ್ಟು ತರಗತಿಗಳು ತಪ್ಪಬಹುದೆಂಬ ಲೆಕ್ಕವನ್ನು ವಿದ್ಯಾರ್ಥಿಯಿಂದಲೇ ಹಾಕಿಸುವುದು ಸೂಕ್ತ. ಮನೆಯವರೊಡನೆ ಮಾತನಾಡಿ ದಿನಗಳನ್ನು ಹೊಂದಿಸಿಕೊಳ್ಳುವ ಹೊಣೆಯನ್ನು ಆಗ ಅವನೇ ಹೊರುತ್ತಾನೆ. ಈ ಭಾಗದಲ್ಲಿ ಸ್ವಾವಲಂಬನೆಯ ಮೊದಲ ಪಾಠ ಬಹುಶಃ ಇದೇ.

ಬೆಳೆಗೂ ಹಬ್ಬಕ್ಕೂ ಸಂಬಂಧವಿಲ್ಲದ ಗೈರುಹಾಜರಿಯನ್ನು ಹೆಚ್ಚು ಎಚ್ಚರಿಕೆಯಿಂದ ಗಮನಿಸತಕ್ಕದ್ದು. ಮದುವೆಯ ಮಾತುಕತೆ, ಮನೆಯ ಸಾಲ, ಸಹಪಾಠಿಗಳ ಹೀಯಾಳಿಕೆ, ಒಂದು ವಿಷಯದಲ್ಲಿ ಅನುತ್ತೀರ್ಣಗೊಂಡ ಅವಮಾನ, ಇವುಗಳಲ್ಲಿ ಯಾವುದಾದರೂ ಓದನ್ನು ಅಲ್ಲಿಗೇ ನಿಲ್ಲಿಸಬಹುದು. ತರಗತಿಯಲ್ಲಿ ಎಲ್ಲರೆದುರು ಕೇಳಿದರೆ "ಹುಷಾರಿರಲಿಲ್ಲ ಸಾರ್" ಎಂಬ ಉತ್ತರವೇ ದೊರೆಯುತ್ತದೆ. ಪ್ರತ್ಯೇಕವಾಗಿ ಕೇಳಿದಾಗ ನಿಜವಾದ ಕಾರಣ ತಿಳಿಯುವ ಸಂಭವ ಹೆಚ್ಚು.

ಸಿಬ್ಬಂದಿಯ ಲಭ್ಯತೆ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರು. ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. 2005ರಲ್ಲಿ ನಿಧನರಾದ ಅವರು ಜೀವನದ ಬಹುಭಾಗವನ್ನು ಆ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ, ವಿದ್ಯಾರ್ಥಿಗಳ ನಡುವೆಯೇ ಕಳೆದರು. ಎಲ್ಲ ಅಧ್ಯಾಪಕರಿಂದ ಇಂತಹ ಬದುಕನ್ನು ನಿರೀಕ್ಷಿಸಲಾಗದು. ಆದರೆ ನಿಗದಿತ ವೇಳೆಯಲ್ಲಿ ವಿಭಾಗದಲ್ಲಿ ದೊರೆಯುವುದು ಸಾಧ್ಯ. ಆ ವೇಳೆಯು ಊರಿನ ಬಸ್ಸು ಹೊರಡುವ ಮುನ್ನ ಇರಬೇಕು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಪ್ರಯಾಣದ ವೆಚ್ಚ ತಗ್ಗಿದೆ. ಕೊನೆಯ ಬಸ್ಸಿನ ಚಿಂತೆ ತಗ್ಗಿಲ್ಲ.

ಬೋಧಕೇತರ ಸಿಬ್ಬಂದಿಯ ಪಾತ್ರವೂ ಕಡಿಮೆಯಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕೆಂಬುದನ್ನು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕೆಂಬುದನ್ನು ಕೊನೆಯ ದಿನಾಂಕಕ್ಕೆ ಮೊದಲೇ ತಿಳಿಸುವ ಗುಮಾಸ್ತರು ಒಬ್ಬ ವಿದ್ಯಾರ್ಥಿಯ ಇಡೀ ವರ್ಷವನ್ನು ಉಳಿಸಬಲ್ಲರು.

ತುರ್ತು ಸಂದರ್ಭಗಳು

ವಿದ್ಯಾರ್ಥಿಯು ಸಾವಿನ ಮಾತನಾಡಿದಲ್ಲಿ ಅದನ್ನು ಲಘುವಾಗಿ ತೆಗೆದುಕೊಳ್ಳಬಾರದು, ಅವರನ್ನು ಒಂಟಿಯಾಗಿ ಬಿಡಬಾರದು. ಇಂತಹ ವಿಷಯವನ್ನು ಸಿಬ್ಬಂದಿ ಕೊಠಡಿಯಲ್ಲಿ ಚರ್ಚಿಸದೆ, ಪ್ರಾಂಶುಪಾಲರ ಮೂಲಕ ತಜ್ಞರ ನೆರವು ಕೊಡಿಸತಕ್ಕದ್ದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.