‘ಸೆಟ್’ ಶಬ್ದದ ಎರಡು ಬೇರುಗಳು

ಇಂಗ್ಲಿಷಿನ ‘ಸೆಟ್’ ಮೂರೇ ಅಕ್ಷರಗಳ ಪುಟ್ಟ ಶಬ್ದ. ಹೊತ್ತು ಮುಳುಗುವುದಕ್ಕೂ, ಗಾರೆ ಗಟ್ಟಿಯಾಗುವುದಕ್ಕೂ, ಮುರಿದ ಎಲುಬನ್ನು ಕೂಡಿಸುವುದಕ್ಕೂ, ಅಚ್ಚುಮೊಳೆ ಜೋಡಿಸುವುದಕ್ಕೂ, ಕಡೆಗೆ ಕಪ್ಪುಬಸಿಗಳ ಜೊತೆಗೂ ಇದೊಂದೇ ಸಾಕು. 1755ರಲ್ಲಿ ತನ್ನ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್, ಅರ್ಥದ ಎಲ್ಲೆಗೆ ಸಿಕ್ಕದ ಇಂತಹ ಸಾಮಾನ್ಯ ಕ್ರಿಯಾಪದಗಳು ತನ್ನ ಶ್ರಮವನ್ನು ಹೆಚ್ಚಿಸಿದುವೆಂದು ಮುನ್ನುಡಿಯಲ್ಲಿ ತೋಡಿಕೊಂಡಿದ್ದಾನೆ. ಅವನು ಹೆಸರಿಸಿದ ಪದಗಳಲ್ಲಿ ಇದೂ ಒಂದು. ಆಕ್ಸ್‌ಫರ್ಡ್ ಮಹಾನಿಘಂಟಿನ 1989ರ ಆವೃತ್ತಿಯಲ್ಲಿ ಇದರ ಅರ್ಥಗಳು 430 ಎಂದು ಪ್ರಸಿದ್ಧವಾಯಿತು. 2011ರ ವೇಳೆಗೆ ‘ರನ್’ ಎಂಬ ಕ್ರಿಯಾಪದವು 645 ಅರ್ಥಗಳೊಡನೆ ಇದನ್ನು ಹಿಂದೆ ಹಾಕಿತು. ಎಣಿಕೆಯೇನೋ ಸೋಜಿಗದ್ದು, ಆದರೆ ಶಬ್ದದ ಹುಟ್ಟು ಎಣಿಕೆಯಿಂದ ತಿಳಿಯುವಂತಹುದಲ್ಲ.

ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕುಳಿತುಕೊಳ್ಳುವುದು. ‘ಸೆಟ್ಟನ್’ ಎಂದರೆ ಕುಳ್ಳಿರಿಸುವುದು. ಕನ್ನಡಿಗನಿಗೆ ಇದು ಹೊಸದಲ್ಲ. ‘ಇರು’ ಎಂಬುದಕ್ಕೆ ‘ಇಸು’ ಪ್ರತ್ಯಯ ಹತ್ತಿ ‘ಇರಿಸು’ ಆಗುವಂತೆ, ಅಲ್ಲಿ ಸ್ವರ ಬದಲಾಗಿ ಪ್ರೇರಣಾರ್ಥ ಮೂಡಿದೆ. ಇರಿಸುವುದು, ನೆಡುವುದು, ನಿಗದಿಗೊಳಿಸುವುದು ಎಲ್ಲವೂ ಇಲ್ಲಿಂದ ಕವಲೊಡೆದವು. ಇರಿಸಿದ್ದು ನೆಲೆಗೊಂಡು ಗಟ್ಟಿಯಾಗುತ್ತದೆ. ಗಾರೆಯ ಅರ್ಥ ಹಾಗೆ ಬಂದಿತು. ಸೂರ್ಯನ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಸೂರ್ಯಾಸ್ತಕ್ಕೆ ಹಳೆಯ ಇಂಗ್ಲಿಷರು ‘ಸೆಟ್ಲ್‌ಗಾಂಗ್’, ಅಂದರೆ ಆಸನಕ್ಕೆ ಹೋಗುವುದು, ಎನ್ನುತ್ತಿದ್ದರು. ವೇದದ ಭಾಷೆಯಲ್ಲಿ ‘ಅಸ್ತ’ವೆಂದರೆ ಮನೆ, ಅಸ್ತಂಗತನಾದವನು ಮನೆಗೆ ಹೋದವನು. ನಮ್ಮ ಆಡುಮಾತಿನ ಸೂರ್ಯನೊಬ್ಬನೇ ಮುಳುಗುವವನು!

ಇಷ್ಟನ್ನು ತಿಳಿದ ಪಂಡಿತನಿಗೆ, ಕಪ್ಪುಬಸಿಗಳ ‘ಸೆಟ್’ ಕೂಡ ಒಟ್ಟಿಗೆ ಇರಿಸಿದ್ದರಿಂದಲೇ ಬಂದಿತೆಂದು ಹೇಳಿಬಿಡುವ ಆಸೆಯಾಗುತ್ತದೆ. ಎಲ್ಲವನ್ನೂ ಒಂದೇ ಬೇರಿಗೆ ಕಟ್ಟುವ ಹಟ ಶಬ್ದಶಾಸ್ತ್ರದಲ್ಲಿ ಬಹು ಹಳೆಯ ರೋಗ. ವಾಸ್ತವವಾಗಿ ಸಮೂಹವೆಂಬ ಅರ್ಥದ ‘ಸೆಟ್’ ಬೇರೆಯೇ ಶಬ್ದ. ಲ್ಯಾಟಿನ್ನಿನಲ್ಲಿ ‘ಹಿಂಬಾಲಿಸು’ ಎಂಬ ಧಾತುವಿನಿಂದ ಹುಟ್ಟಿದ ‘ಸೆಕ್ಟಾ’ ಹಳೆಯ ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಬಂದು ಸವೆಯಿತು. ಮೊದಲು ಅದು ಒಬ್ಬನ ಹಿಂದೆ ನಡೆದವರ ಗುಂಪು. ವಸ್ತುಗಳ ಜೊತೆ ಎಂಬುದು ಆಮೇಲಿನದು. ಪಂಥವೆಂಬ ಅರ್ಥದ ‘ಸೆಕ್ಟ್’ ಅದರ ಒಡಹುಟ್ಟು. ಧ್ವನಿ ಒಂದಾದ ಮೇಲೆ ಜನ ಎರಡನ್ನೂ ಒಂದೇ ಎಂದು ಬಗೆದರು. ಅರ್ಥಗಳೂ ಒಂದರ ಮೇಲೊಂದು ನೆರಳು ಚೆಲ್ಲಿದವು.

ಗಣಿತದ ‘ಸೆಟ್’ ಈ ಎರಡನೆಯದರ ವಂಶದ್ದು. ಜರ್ಮನಿಯ ಗೇಯಾರ್ಗ್ ಕಾಂಟರ್ ಹತ್ತೊಂಬತ್ತನೆಯ ಶತಮಾನದಲ್ಲಿ ‘ಮೆಂಗೆ’ ಎಂದು ಕರೆದುದಕ್ಕೆ ಇಂಗ್ಲಿಷಿನಲ್ಲಿ ಈ ಹೆಸರು ನಿಂತಿತು. ಕನ್ನಡದ ಪಠ್ಯಪುಸ್ತಕಕಾರರು ಅದನ್ನು ‘ಗಣ’ ಎಂದರು. ಛಂದಸ್ಸಿನ ಮಾತ್ರಾಗಣವನ್ನೂ ಪುರಾಣದ ಶಿವಗಣವನ್ನೂ ಬಲ್ಲ ವಿದ್ಯಾರ್ಥಿ ಮೊದಲ ದಿನ ತಬ್ಬಿಬ್ಬಾಗಬಹುದು. ಆದರೆ ಇಲ್ಲಿ ಮೂರಕ್ಕೂ ಬೇರು ಒಂದೇ. ಅದರಲ್ಲೂ ಒಡೆಯನನ್ನು ಹಿಂಬಾಲಿಸುವ ಶಿವಗಣಕ್ಕೆ ಲ್ಯಾಟಿನ್ನಿನ ‘ಸೆಕ್ಟಾ’ ಎಷ್ಟು ಹತ್ತಿರವೆಂಬುದು ಆ ಪುಸ್ತಕಕಾರರಿಗೆ ಹೊಳೆದಿತ್ತೋ ಇಲ್ಲವೋ.