ಬೆಂಗಳೂರಿನ ಎತ್ತರ, ಪುಟ್ಟ ವಿಮಾನದ ಉಸಿರು

ಇವತ್ತಿನ ಕಥೆ ಶುರುವಾಗೋದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಆಕಾಶದಲ್ಲಿ. 2022ರ ಮೇ 17. ‘ಹಂಸ-ಎನ್‌ಜಿ’ ಅನ್ನೋ ಎರಡು ಸೀಟಿನ ಪುಟ್ಟ ವಿಮಾನ 7,000ದಿಂದ 8,000 ಅಡಿ ಎತ್ತರದಲ್ಲಿದೆ. ಒಳಗೆ ವಾಯುಪಡೆಯ ಇಬ್ಬರು ಪರೀಕ್ಷಾ ಪೈಲಟ್‌ಗಳು, ವಿಂಗ್ ಕಮಾಂಡರ್ ಕೆ.ವಿ. ಪ್ರಕಾಶ್ ಮತ್ತು ವಿಂಗ್ ಕಮಾಂಡರ್ ಎನ್.ಡಿ.ಎಸ್. ರೆಡ್ಡಿ. ವಿಮಾನಕ್ಕೆ ಇರೋದು ಒಂದೇ ಎಂಜಿನ್. ಅದನ್ನು ಅವರು ಆಫ್ ಮಾಡ್ತಾರೆ. ಬೇಕು ಅಂತಲೇ!

ಯಾಕೆ? ಅದನ್ನು ಹೇಳೋಕೆ ನಾನು ನಮ್ಮೂರಿನಿಂದ ಶುರು ಮಾಡಬೇಕು.

ನಮ್ಮೂರು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ. ಪಶ್ಚಿಮಕ್ಕೆ ವೈಟ್‌ಫೀಲ್ಡ್, ಅದರಾಚೆ ಎಚ್‌ಎಎಲ್. ಚಿಕ್ಕವನಿದ್ದಾಗ ಮೇಲೆ ಶಬ್ದ ಆದ್ರೆ ಸಾಕು, ಕತ್ತೆತ್ತಿ ನೋಡ್ತಿದ್ದೆ. ಜೆಟ್ ಆದ್ರೆ ಗುಡುಗಿನ ಸದ್ದು. ಪುಟ್ಟ ವಿಮಾನ ಆದ್ರೆ ದೂರದ ಹೊಲದಲ್ಲಿ ಟ್ರ್ಯಾಕ್ಟರ್ ಓಡಿದ ಹಾಗೆ. ‘ಅದರಲ್ಲೂ ಪಿಸ್ಟನ್ನೇ ಕಣೋ ಇರೋದು’ ಅಂತಿದ್ರು ನಮ್ಮ ಮಾವ. ತಮಾಷೆ ಮಾಡ್ತಾರೆ ಅಂದ್ಕೊಂಡಿದ್ದೆ. ಆದರೆ ಅದು ನಿಜ. ಸಿಲಿಂಡರ್, ಪಿಸ್ಟನ್, ಸ್ಪಾರ್ಕ್ ಪ್ಲಗ್, ಎಲ್ಲ ನಿಮ್ಮ ಬೈಕಿನಲ್ಲಿ ಇರೋ ಹಾಗೇ.

ಈಗ ಒಂದು ವಿಷಯ ಗಮನಿಸಿ. ನಾವು ‘ಬಯಲುಸೀಮೆ’ ಅಂತೀವಿ, ಆದರೆ ಬೆಂಗಳೂರಿನ ಸುತ್ತಿನ ಈ ಬಯಲು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಇಲ್ಲಿ ಗಾಳಿಯೇ ತೆಳು. ಬಿಸಿಲೇರಿದರೆ ಇನ್ನೂ ತೆಳುವಾಗುತ್ತೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ, ಜಕ್ಕೂರಿನ ರನ್‌ವೇ ಮೇಲೆ ನಿಂತ ವಿಮಾನಕ್ಕೆ ಸಿಗೋ ಗಾಳಿ ಸುಮಾರು 6,000 ಅಡಿ ಎತ್ತರದ್ದು. ಅಂದ್ರೆ ವಿಮಾನ ಇರೋದು ಜಕ್ಕೂರಿನಲ್ಲಿ, ಎಂಜಿನ್ ಉಸಿರಾಡೋದು ಹೆಚ್ಚೂಕಡಿಮೆ ಮುಳ್ಳಯ್ಯನಗಿರಿ ತುದಿಯಲ್ಲಿ!

ಇಂಥ ಊರಿನಲ್ಲೇ ನಮ್ಮ ದೇಶದ ವಿಮಾನ ತಯಾರಿಕೆ ಬೆಳೆದಿದ್ದು. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಇಲ್ಲಿ ಕಾರ್ಖಾನೆ ತೆರೆದರು. ಅದೇ ಮುಂದೆ ಎಚ್‌ಎಎಲ್ ಆಯ್ತು. ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು. 1958ರಲ್ಲಿ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ‘ಪುಷ್ಪಕ್’ ಬಂತು. ಅದರ ಎಂಜಿನ್ ಶಕ್ತಿ 90 ಅಶ್ವಶಕ್ತಿ. ಸಮುದ್ರಮಟ್ಟದಲ್ಲಿ 90. ನಮ್ಮ ಏಪ್ರಿಲ್ ಬಿಸಿಲಲ್ಲಿ ಅಂಥ ಎಂಜಿನ್ ಕೊಡೋದು ಸುಮಾರು 75 ಮಾತ್ರ. ರೆಕ್ಕೆಗೂ ಅದೇ ತೆಳು ಗಾಳಿ. ಹಾಗಾಗಿ ಓಟ ಉದ್ದ, ಏರಿಕೆ ನಿಧಾನ.

ಶಕ್ತಿ ಕಡಿಮೆಯಾಗೋದು ಒಂದು ತೊಂದರೆ. ಇನ್ನೊಂದು, ಗಾಳಿ ಮತ್ತು ಪೆಟ್ರೋಲಿನ ಲೆಕ್ಕ ತಪ್ಪೋದು. ಮೇಲೆ ಹೋದ ಹಾಗೆ ಗಾಳಿ ಕಡಿಮೆ, ಇಂಧನ ಮಾತ್ರ ಮೊದಲಿನಷ್ಟೇ. ಪ್ಲಗ್‌ಗೆ ಮಸಿ ಹಿಡಿಯುತ್ತೆ, ಎಂಜಿನ್ ಒರಟಾಗಿ ಓಡುತ್ತೆ. ಅದಕ್ಕೇ ಸೆಸ್ನಾ 152, 172ರಂಥ ವಿಮಾನಗಳಲ್ಲಿ ‘ಮಿಕ್ಸ್ಚರ್’ ಅನ್ನೋ ಕೆಂಪು ಗುಂಡಿ ಇರುತ್ತೆ. ಅದನ್ನು ನಿಧಾನಕ್ಕೆ ಹಿಂದಕ್ಕೆ ಎಳೆದು ಇಂಧನ ಕಡಿಮೆ ಮಾಡಬೇಕು. ಪೂರ್ಣ ಶಕ್ತಿಯಲ್ಲಿ ಓಡ್ತಿರುವಾಗ ಅತಿಯಾಗಿ ಎಳೆದರೆ ಎಂಜಿನ್ ಕಾದು ಹಾಳಾಗುತ್ತೆ. ಕೆಳಗೆ ಇಳಿಯುವಾಗ ವಾಪಸ್ ತಳ್ಳೋದು ಮರೆತರೆ, ಇಂಧನ ಸಾಲದೆ ಎಂಜಿನ್ ನಿಂತೇ ಹೋಗಬಹುದು. ಅದೂ ನೆಲ ಹತ್ತಿರ ಬರ್ತಿರುವಾಗ.

ಬೆಂಗಳೂರಿನ ತಂಪು ಹವೆಯನ್ನು ನಾವೆಲ್ಲ ಹೊಗಳ್ತೀವಿ ಅಲ್ವಾ? ಕಾರ್ಬ್ಯುರೇಟರ್‌ಗೆ ಅದೂ ಅಪಾಯವೇ. ಪೆಟ್ರೋಲ್ ಆವಿಯಾಗುವಾಗ ಅದರೊಳಗೆ ತಾಪ 20 ಡಿಗ್ರಿಗೂ ಹೆಚ್ಚು ಕುಸಿಯಬಹುದು. ಹೊರಗೆ 20 ಡಿಗ್ರಿಯ ಮಳೆಗಾಲದ ಮುಂಜಾನೆ, ಒಳಗೆ ಮಂಜುಗಡ್ಡೆ! ಅದಕ್ಕೆ ಬಿಸಿಗಾಳಿ ಬಿಡೋ ಇನ್ನೊಂದು ಗುಂಡಿ. ಇದನ್ನೆಲ್ಲ ಮೊದಲ ಸಲ ವಿಮಾನ ಹಿಡಿದ ವಿದ್ಯಾರ್ಥಿ ನೆನಪಿಟ್ಟುಕೊಳ್ಳಬೇಕು.

ಮುಂದೆ ಬೆಂಗಳೂರಿನ ಎನ್‌ಎಎಲ್ ‘ಹಂಸ’ ಮಾಡಿತು. ಮೊದಲ ಹಾರಾಟ 1993ರ ನವೆಂಬರ್ 17. ನಂತರದ ಹಂಸ-3ಕ್ಕೆ ರೋಟಾಕ್ಸ್ 914 ಎಂಜಿನ್ ಹಾಕಿದರು. ಅದರಲ್ಲಿ ಟರ್ಬೊ ಇದೆ. ಹೊಗೆಯ ರಭಸದಲ್ಲೇ ಚಕ್ರ ತಿರುಗಿಸಿ, ತೆಳು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬೋ ಉಪಾಯ. ಟೇಕಾಫ್‌ಗೆ ಕೊಡೋ 115 ಅಶ್ವಶಕ್ತಿ ಸುಮಾರು 8,000 ಅಡಿವರೆಗೂ ಇಳಿಯೋದಿಲ್ಲ. ಆದರೆ ಆ ಪೂರ್ಣ ಶಕ್ತಿ ಒಂದು ಸಲಕ್ಕೆ 5 ನಿಮಿಷ ಮಾತ್ರ. ಆಮೇಲೆ ಇಳಿಸಲೇಬೇಕು.

2021ರ ಸೆಪ್ಟೆಂಬರ್ 3ರಂದು ಹಾರಿದ ಹೊಸ ಹಂಸ-ಎನ್‌ಜಿ ಬೇರೆ ದಾರಿ ಹಿಡಿಯಿತು. ಟರ್ಬೊ ಇಲ್ಲ, ಕಾರ್ಬ್ಯುರೇಟರ್ ಇಲ್ಲ, ಕೆಂಪು ಗುಂಡಿ ಇಲ್ಲ. ರೋಟಾಕ್ಸ್ 912 ಐಎಸ್ ಎಂಜಿನ್‌ನಲ್ಲಿ ಗಾಳಿಯ ಒತ್ತಡ, ತಾಪ ನೋಡಿ ಇಂಧನ ಎಷ್ಟು ಬೇಕು ಅಂತ ಕಂಪ್ಯೂಟರೇ ತೀರ್ಮಾನ ಮಾಡುತ್ತೆ. 2022ರ ಫೆಬ್ರುವರಿ 19ರಂದು ಈ ವಿಮಾನ ಬೆಂಗಳೂರಿನಿಂದ ಪುದುಚೇರಿಗೆ ಹಾರಿತು. ಯಾಕೆ ಗೊತ್ತಾ? ಸಮುದ್ರಮಟ್ಟದ ಪರೀಕ್ಷೆಗೆ. ನಮ್ಮಲ್ಲಿ ದಟ್ಟ ಗಾಳಿಯನ್ನು ಹುಡುಕಿಕೊಂಡು ಘಟ್ಟ ಇಳಿಯಬೇಕು!

ಆದರೆ ಕಂಪ್ಯೂಟರಿಗೆ ಕರೆಂಟ್ ಬೇಕು. ಇಂಧನದ ಪಂಪಿಗೂ ಬೇಕು. ಇಷ್ಟು ವರ್ಷ ಪೈಲಟ್ ಕೈಯಲ್ಲಿದ್ದ ಕೆಲಸವನ್ನು ತಂತಿಗಳಿಗೆ ಒಪ್ಪಿಸಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತೆ: ಮೇಲೆ ಎಂಜಿನ್ ನಿಂತರೆ ಮತ್ತೆ ಹೊತ್ತಿಕೊಳ್ಳುತ್ತಾ? ಅದನ್ನು ಕಾಗದದ ಮೇಲೆ ಸಾಬೀತು ಮಾಡೋಕಾಗಲ್ಲ. ಯಾರಾದರೂ ಮೇಲೆ ಹೋಗಿ ಆಫ್ ಮಾಡಿಯೇ ನೋಡಬೇಕು.

ಚಳ್ಳಕೆರೆಯಲ್ಲಿ ನಡೆದಿದ್ದು ಅದೇ. ಗಂಟೆಗೆ ಸುಮಾರು 110ರಿಂದ 130 ಕಿ.ಮೀ. ವೇಗ. ಎಂಜಿನ್ ಸತ್ತಿದೆ, ಪ್ರೊಪೆಲ್ಲರ್ ಮಾತ್ರ ಗಾಳಿಗೆ ತಿರುಗ್ತಿದೆ. ವಿಮಾನ ಹದ ತಪ್ಪಲಿಲ್ಲ. ಎಂಜಿನ್ ಮತ್ತೆ ಶುರುವಾಯ್ತು.

ಎತ್ತರ ಇದ್ದರೆ ಹೀಗೆ ಪ್ರಯತ್ನ ಮಾಡೋಕೆ ನಿಮಿಷಗಳು ಸಿಗುತ್ತವೆ. ಸಾವಿರ ಅಡಿಯಲ್ಲಿ ಸಿಗೋದು ಒಂದೂವರೆ ನಿಮಿಷದ ಆಸುಪಾಸು ಅಷ್ಟೇ. ಅಲ್ಲಿ ಕೂತಿರೋದು ನಿಮ್ಮದೇ ವಯಸ್ಸಿನ ಕಲಿಯೋ ಹುಡುಗನೋ ಹುಡುಗಿಯೋ ಆಗಿರಬಹುದು. ಅವರಿಗೋಸ್ಕರವೇ ಇಬ್ಬರು ಆ ದಿನ ಮೇಲೆ ಹೋಗಿ ಎಂಜಿನ್ ಆರಿಸಿ ನೋಡಿದ್ದು.

ನಮ್ಮೂರ ಮೇಲೆ ಆ ಟ್ರ್ಯಾಕ್ಟರ್ ಸದ್ದು ಕೇಳಿದ್ರೆ ಈಗಲೂ ಕತ್ತೆತ್ತಿ ನೋಡ್ತೀನಿ. ಸದ್ದು ದೂರವಾಗಿ ಕರಗೋವರೆಗೂ ಕೇಳಿಸ್ಕೊಂಡೇ ಒಳಗೆ ಹೋಗೋದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.